ಚಂದ್ರನಿಗೆ ಹೋಗಿಬಂದ ಟಿ.ಎ. ಬಿಲ್ಲು

ಸರ್ಕಾರಿ ಕೆಲಸದ ಮೇಲೆ ಪರಸ್ಥಳಕ್ಕೆ ಹೋಗಿಬಂದವರಿಗೆಲ್ಲ ಗೊತ್ತಿರುವ ಮಾತು: ಹೋಗುವುದು ಕಷ್ಟವಲ್ಲ, ಬರುವುದೂ ಕಷ್ಟವಲ್ಲ, ಬಂದಮೇಲೆ ಟಿ.ಎ. ಬಿಲ್ಲು ಪಾಸು ಮಾಡಿಸಿಕೊಳ್ಳುವುದು ಕಷ್ಟ. ಯಾವ ಊರು, ಯಾವ ವಾಹನ, ಊಟ ಯಾರ ಖರ್ಚು, ರಾತ್ರಿ ಮಲಗಿದ್ದೆಲ್ಲಿ ಎಂದು ಕೇಸ್ ವರ್ಕರ್ ಕನ್ನಡಕದ ಮೇಲಿನಿಂದ ಕೇಳುತ್ತಾರೆ. ಉತ್ತರ ಗೊತ್ತಿದ್ದೇ ಕೇಳುತ್ತಾರೆ.

1969ರಲ್ಲಿ ಬಜ್ ಆಲ್ಡ್ರಿನ್ ಎಂಬ ಅಮೆರಿಕದ ಸರ್ಕಾರಿ ನೌಕರರದ್ದೂ ಇಂಥದೇ ಒಂದು ಬಿಲ್ಲಾಯಿತು. ಹೊರಟದ್ದು ಹ್ಯೂಸ್ಟನ್. ನಡುವೆ ಕೇಪ್ ಕೆನಡಿ. ಅಲ್ಲಿಂದ ಚಂದ್ರ. ಚಂದ್ರನಿಂದ ಪೆಸಿಫಿಕ್ ಸಾಗರ, ಹವಾಯಿ, ಮರಳಿ ಹ್ಯೂಸ್ಟನ್. ಒಟ್ಟು ಮೊತ್ತ 33 ಡಾಲರ್ 31 ಸೆಂಟ್. 2015ರಲ್ಲಿ ಆಲ್ಡ್ರಿನ್ ಆ ಚೀಟಿಯನ್ನು ತಾವೇ ಲೋಕಕ್ಕೆ ತೋರಿಸಿದರು. ಅದರ ಜೊತೆಗೆ ಇನ್ನೊಂದು ಕಾಗದವೂ ಇದೆ. ಚಂದ್ರನಿಂದ ಮರಳಿದ ಮೂವರೂ ಸಹಿ ಹಾಕಿದ ಕಸ್ಟಮ್ಸ್ ಘೋಷಣಾಪತ್ರ. ಹೊರಟ ಸ್ಥಳ: ಚಂದ್ರ. ಸರಕು: ಚಂದ್ರನ ಕಲ್ಲು, ಚಂದ್ರನ ಧೂಳು. ರೋಗ ಹರಡಬಹುದಾದ ಯಾವುದಾದರೂ ಸಂಗತಿ ಉಂಟೇ? ಇನ್ನೂ ನಿರ್ಧಾರವಾಗಬೇಕು. ಅದು ಆಗ ಮಾಡಿದ ಒಂದು ತಮಾಷೆ ಎಂದು ನಾಸಾದವರು ಆಮೇಲೆ ಹೇಳಿದರು. ನಮ್ಮಲ್ಲಾಗಿದ್ದರೆ ಯಾರೂ ತಮಾಷೆ ಎನ್ನುತ್ತಿರಲಿಲ್ಲ. ಮೂರು ಪ್ರತಿ ಕೇಳಿ, ಗೆಜೆಟೆಡ್ ಅಧಿಕಾರಿಯ ಸಹಿ ತನ್ನಿ ಎನ್ನುತ್ತಿದ್ದರು.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಆಡಿದ ಮಾತನ್ನು ಶಾಲೆಯ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ನನ್ನನ್ನು ಕೇಳಿದರೆ ಆ ಯಾತ್ರೆಯ ಅತ್ಯುತ್ತಮ ಸಾಹಿತ್ಯಕೃತಿ ಈ 33 ಡಾಲರಿನ ಬಿಲ್ಲು. ಅದರಲ್ಲಿ ಮನುಷ್ಯನಿದ್ದಾನೆ.

ಆಕಾಶದ ಕಥೆ ಹೇಳುವವರು ಸಾಮಾನ್ಯವಾಗಿ ಈ ಬಿಲ್ಲನ್ನು ಮುಚ್ಚಿಡುತ್ತಾರೆ. ಇದು ಇಂದಿನ ರೋಗವಲ್ಲ. ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಕೂತರೂ ಇನ್ನೊಂದು ಆಸನ ಖಾಲಿ ಇರುತ್ತಿತ್ತಂತೆ. ಇರಲಿ, ಸಂತೋಷ. ಅಷ್ಟು ಜನ ಇಳಿದುಹೋದ ಮೇಲೆ ಒಳಗೆ ಗುಡಿಸಿದವರು ಯಾರು? ಕೇಳಿದರೆ ಹರಿಕಥೆ ದಾಸರು ತಾಳ ಜೋರಾಗಿ ತಟ್ಟುತ್ತಾರೆ.

ನಮ್ಮ ಮಹಡಿಯ ಮೇಲಿನ ಮನೆಯ ಯಜಮಾನರು ಮಾತ್ರ ಇಂಥ ಪ್ರಶ್ನೆಯನ್ನೇ ಮೊದಲು ಕೇಳುವವರು. ಮೂವತ್ತೆರಡು ವರ್ಷ ಒಂದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಕೈಯ ಗ್ರೀಸು ಹೋಗಿದೆ, ತಲೆಯೊಳಗಿನ ಲಾಗ್‌ಶೀಟ್ ಹೋಗಿಲ್ಲ. ‘ಪುಷ್ಪಕ್ ಅಂದ್ರೆ ನಮ್ಗೆ ಗೊತ್ತು ಬಿಡಿ ಸಾರ್. ಕಂಡಕ್ಟರ್ ಇಲ್ದೆ ಓಡ್ಸೋ ಬಸ್ಸು. ಡ್ರೈವರ್‌ದೇ ಟಿಕೆಟ್ಟು, ಡ್ರೈವರ್‌ದೇ ಸ್ಟೀರಿಂಗು. ಎರಡು ಕೆಲ್ಸ, ಒಂದು ಸಂಬಳ. ರಾಮಾಯಣದಲ್ಲೂ ಹಂಗೇ ಇರ್ಬೇಕು.’

ಒಂದು ಭಾನುವಾರ ಅವರಿಗೆ 1979ರ ‘ಏಲಿಯನ್’ ಚಿತ್ರ ತೋರಿಸಿದೆ. ರಿಡ್ಲಿ ಸ್ಕಾಟ್ ನಿರ್ದೇಶಿಸಿದ್ದು. ಲೋಕವೆಲ್ಲ ಅದನ್ನು ದೆವ್ವದ ಚಿತ್ರ ನೋಡಿದ ಹಾಗೆ ನೋಡಿ ಬೆಚ್ಚಿಬಿದ್ದಿದೆ. ಬಾಹ್ಯಾಕಾಶದಲ್ಲಿ ಅದಿರು ಎಳೆದುಕೊಂಡು ಬರುವ ಒಂದು ಬಾಡಿಗೆ ಹಡಗು, ಏಳು ಜನ ಸಿಬ್ಬಂದಿ, ಒಂದು ಬೆಕ್ಕು, ಆಮೇಲೆ ಒಂದು ಘೋರ ಪ್ರಾಣಿ. ಯಜಮಾನರು ಪ್ರಾಣಿ ಬರುವುದಕ್ಕೆ ಬಹಳ ಮೊದಲೇ ಕೈಯೆತ್ತಿದರು.

‘ನಿಲ್ಸಿ ಸಾರ್, ನಿಲ್ಸಿ. ಆ ತಿಂಡಿ ಟೇಬಲ್ಲಲ್ಲಿ ಕೂತವ್ರು ಇಬ್ರು ಏನೋ ಅಂದ್ರಲ್ಲ, ಏನದು?’

‘ಅವರಿಬ್ಬರೂ ಎಂಜಿನ್ ನೋಡಿಕೊಳ್ಳುವವರು ಯಜಮಾನರೇ. ಮಿಕ್ಕವರಿಗೆ ಬೋನಸ್ಸು ಜಾಸ್ತಿ, ನಮಗೆ ಕಮ್ಮಿ, ಅದನ್ನು ಇತ್ಯರ್ಥ ಮಾಡಿ ಅಂತ ಕೇಳ್ತಿದ್ದಾರೆ.’

‘ಸಾಹೇಬ್ರು ಏನಂದ್ರು?’

‘ಒಪ್ಪಂದದಲ್ಲಿ ಬರೆದಷ್ಟು ಸಿಗುತ್ತೆ ಅಂದರು.’

ಯಜಮಾನರು ಕುರ್ಚಿಯನ್ನು ಟಿ.ವಿ.ಗೆ ಹತ್ತಿರ ಎಳೆದುಕೊಂಡರು. ‘ಹಾಂ, ಇದು ನಿಜವಾಗ್ ನಡೆದದ್ದು.’

ಮುಂದೆ ಕಥೆ ನಡೆದದ್ದೂ ಒಪ್ಪಂದದ ದಾರಿಯಲ್ಲೇ. ಮನೆಗೆ ಹೊರಟ ಹಡಗಿಗೆ ಎಲ್ಲಿಂದಲೋ ಒಂದು ಸಂಕೇತ ಬರುತ್ತದೆ. ಎಂಜಿನ್ನಿನವರು ಅದು ನಮ್ಮ ಕೆಲಸವಲ್ಲ, ಬೇಕಾದರೆ ಹೆಚ್ಚಿನ ಕೂಲಿ ಕೊಡಿ ಎನ್ನುತ್ತಾರೆ. ಆಗ ಒಬ್ಬ ಅಧಿಕಾರಿ ಶಾಂತವಾಗಿ ಷರತ್ತು ಓದಿ ಹೇಳುತ್ತಾನೆ: ಇಂಥ ಸಂಕೇತ ಬಂದರೆ ಹೋಗಿ ನೋಡಲೇಬೇಕು, ನೋಡದಿದ್ದರೆ ಪಾಲಿನ ಹಣ ಪೂರ್ತಿ ಮುಟ್ಟುಗೋಲು. ಹೋಗುತ್ತಾರೆ. ಪ್ರಾಣಿ ಹತ್ತಿಕೊಳ್ಳುತ್ತದೆ. ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊನೆಗೆ ತಿಳಿಯುತ್ತದೆ, ಷರತ್ತು ಓದಿದ ಅಧಿಕಾರಿ ಮನುಷ್ಯನೇ ಅಲ್ಲ, ಕಂಪನಿ ಸೇರಿಸಿದ ಯಂತ್ರ. ಪ್ರಾಣಿಯನ್ನು ಜೋಪಾನವಾಗಿ ತರಬೇಕು, ಸಿಬ್ಬಂದಿ ಸತ್ತರೂ ಚಿಂತೆಯಿಲ್ಲ ಎಂಬ ಗುಪ್ತ ಆದೇಶ ಅದಕ್ಕೆ ಮೊದಲೇ ಸಿಕ್ಕಿತ್ತು.

ಚಿತ್ರ ಮುಗಿದ ಮೇಲೆ ನಾನು ಕೇಳಿದೆ, ‘ಭಯ ಆಯಿತೇ ಯಜಮಾನರೇ?’

‘ಆ ಪ್ರಾಣಿ ನೋಡಿಯಾ? ಅದೇನೋ ಹೊಟ್ಟೆಪಾಡಿಗೆ ಕೊಲ್ತು ಅಂತ ಇಟ್ಕೊಳ್ಳಿ. ಕಂಪನಿಗೆ ಹೊಟ್ಟೆ ಎಲ್ಲಿದೆ ಸಾರ್?’

ನಲವತ್ತೈದು ವರ್ಷಗಳಿಂದ ವಿಮರ್ಶಕರು ಆ ಚಿತ್ರದ ಬಗ್ಗೆ ಬರೆದ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದರೆ ಹಡಗಿನಷ್ಟೇ ಎತ್ತರವಾದೀತು. ಯಜಮಾನರದ್ದು ಒಂದೇ ಸಾಲು.

ಏಲಿಯನ್ ಕಥೆ ಬರೆದ ಡ್ಯಾನ್ ಒ’ಬ್ಯಾನನ್ ಅದಕ್ಕೂ ಮೊದಲು 1974ರಲ್ಲಿ ಜಾನ್ ಕಾರ್ಪೆಂಟರ್ ಜೊತೆ ಸೇರಿ ‘ಡಾರ್ಕ್ ಸ್ಟಾರ್’ ಎಂಬ ಚಿತ್ರ ಮಾಡಿದ್ದರು. ವಿದ್ಯಾರ್ಥಿಗಳಾಗಿದ್ದಾಗ ಪುಡಿಗಾಸಿನಲ್ಲಿ ಶುರು ಮಾಡಿದ್ದು. ಇಪ್ಪತ್ತು ವರ್ಷದಿಂದ ಬಾಹ್ಯಾಕಾಶದಲ್ಲಿ ಅಸ್ಥಿರ ಗ್ರಹಗಳಿಗೆ ಬಾಂಬು ಇಡುವ ಕೆಲಸ ಮಾಡುತ್ತಿರುವ ನಾಲ್ವರು. ಒಬ್ಬರಿಗೊಬ್ಬರನ್ನು ಕಂಡರೆ ಆಗದು. ನೌಕೆಯ ಟಾಯ್ಲೆಟ್ ಪೇಪರ್ ದಾಸ್ತಾನೆಲ್ಲ ಒಂದು ಅವಘಡದಲ್ಲಿ ನಾಶವಾಗಿದೆ. ಅದನ್ನು ದಿನಚರಿಯಲ್ಲಿ ಗಂಭೀರವಾಗಿ ನಮೂದಿಸಲಾಗುತ್ತದೆ. ತೀರಿಕೊಂಡ ಕಮಾಂಡರನ್ನು ಮಂಜಿನಲ್ಲಿ ಇಟ್ಟುಕೊಂಡು ಕಷ್ಟ ಬಂದಾಗ ಸಲಹೆ ಕೇಳುತ್ತಾರೆ. ನಮ್ಮ ನಿಗಮ ಮಂಡಳಿಗಳನ್ನು ಹತ್ತಿರದಿಂದ ಕಂಡವರಿಗೆ ಇದರಲ್ಲಿ ವಿಜ್ಞಾನವೂ ಕಾಣದು, ಕಲ್ಪನೆಯೂ ಕಾಣದು.

ಬಿ.ಬಿ.ಸಿ.ಯ ‘ರೆಡ್ ಡ್ವಾರ್ಫ್’ 1988ರಲ್ಲಿ ಶುರುವಾಯಿತು. ಅದರ ನಾಯಕ ಲಿಸ್ಟರ್ ಹಡಗಿನ ಅತಿ ಕೆಳಗಿನ ದರ್ಜೆಯ ನೌಕರ. ಅವನ ಕೆಳಗೆ ಇರುವುದು ಗುಡಿಸುವ ರೋಬೋಟುಗಳು ಮಾತ್ರ. ಅವನಿಗೆ ಒಂದು ಮೆಟ್ಟಿಲು ಮೇಲೆ ರಿಮ್ಮರ್. ಇಬ್ಬರ ಘನಕಾರ್ಯ ಸೂಪಿನ ಯಂತ್ರದ ನಳಿಕೆ ಸ್ವಚ್ಛಮಾಡುವುದು. ಕದ್ದು ಬೆಕ್ಕು ಸಾಕಿದ ತಪ್ಪಿಗೆ ಲಿಸ್ಟರನಿಗೆ ಶಿಕ್ಷೆಯಾಗುತ್ತದೆ: ಕಾಲವೇ ನಿಂತುಹೋಗುವ ಕೋಣೆಯಲ್ಲಿ ವಾಸ, ಅಷ್ಟು ದಿನದ ಸಂಬಳಕ್ಕೆ ಖೋತಾ. ಅಷ್ಟರಲ್ಲಿ ರಿಮ್ಮರ್ ಅರೆಬರೆ ರಿಪೇರಿ ಮಾಡಿದ ಒಂದು ಫಲಕದಿಂದ ವಿಕಿರಣ ಸೋರಿ ಹಡಗಿನವರೆಲ್ಲ ಸಾಯುತ್ತಾರೆ. ಲಿಸ್ಟರ್ ಹೊರಗೆ ಬರುವುದು ಮೂವತ್ತು ಲಕ್ಷ ವರ್ಷ ಕಳೆದ ಮೇಲೆ. ಉಳಿದ ಕೊನೆಯ ಮನುಷ್ಯ ಅವನೇ. ಜೊತೆಗೆ ಕಂಪ್ಯೂಟರು ಬೆಳಕಿನಲ್ಲಿ ಮೂಡಿಸಿದ ಸತ್ತ ರಿಮ್ಮರನ ರೂಪ. ಅದು ಕಣ್ಣುಬಿಟ್ಟದ್ದೇ ತಡ, ಲಿಸ್ಟರನಿಗೆ ಆರ್ಡರ್ ಮಾಡತೊಡಗುತ್ತದೆ. ಮನುಕುಲ ಅಳಿದರೂ ಸೀನಿಯಾರಿಟಿ ಅಳಿಯಲಿಲ್ಲ. ಕರ್ನಾಟಕದ ಸಚಿವಾಲಯದಲ್ಲಿ ಯಾರೂ ಬರೆಯದ ಈ ಕಥೆ ಇಂಗ್ಲೆಂಡಿನಲ್ಲಿ ಹೇಗೆ ಹುಟ್ಟಿತು ಎಂಬುದೇ ನನಗೆ ಆಶ್ಚರ್ಯ.

ಇದಕ್ಕೆ ತೀರ ಎದುರಿನದು 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’. ಅಲ್ಲಿ ಕ್ಯಾಪ್ಟನ್ನು, ವಿಜ್ಞಾನಿ, ವೈದ್ಯ ಮೂವರೂ ಹೊಸ ಗ್ರಹಕ್ಕೆ ಇಳಿಯುತ್ತಾರೆ. ಜೊತೆಗೆ ಕೆಂಪಂಗಿ ತೊಟ್ಟ ಒಬ್ಬ ಸಿಬ್ಬಂದಿ. ಅವನಿಗೆ ಹೆಸರಿದ್ದರೆ ಹೆಚ್ಚು. ಮೊದಲ ಜಾಹೀರಾತು ಬರುವುದರೊಳಗೆ ಅವನ ಕಥೆ ಮುಗಿದಿರುತ್ತದೆ. ಕ್ಯಾಪ್ಟನ್ ಅರೆ ನಿಮಿಷ ವ್ಯಸನಪಟ್ಟು ಮುಂದೆ ಹೋಗುತ್ತಾನೆ. ಈ ಕೆಂಪಂಗಿಯವರ ಕಡೆಯಿಂದ ಕಥೆ ಹೇಳಿದರೆ ಹೇಗೆ ಎಂದು ಜಾನ್ ಸ್ಕಾಲ್ಜಿ 2012ರಲ್ಲಿ ‘ರೆಡ್‌ಷರ್ಟ್ಸ್’ ಕಾದಂಬರಿ ಬರೆದರು; ಮರುವರ್ಷ ಅದಕ್ಕೆ ಹ್ಯೂಗೊ ಪ್ರಶಸ್ತಿಯೂ ಬಂತು. ಸತ್ತವರ ಅಹವಾಲು ದಾಖಲಾಗಲು ನಲವತ್ತಾರು ವರ್ಷ ಹಿಡಿಯಿತು. ನಮ್ಮ ಕಾರ್ಮಿಕ ನ್ಯಾಯಾಲಯಗಳ ಲೆಕ್ಕಕ್ಕೆ ಬೇಗನೇ ಆಯಿತು.

ಇದೆಲ್ಲ ಕಥೆಗಾರರ ಅತಿರೇಕ, ನಿಜವಾದ ಅಂತರಿಕ್ಷದಲ್ಲಿ ಇಂಥದೆಲ್ಲ ಇರುವುದಿಲ್ಲ ಎನ್ನುವ ಸಭ್ಯರಿಗಾಗಿ ಈಗ ನಿಜದ ಕಡೆ ಬರೋಣ.

2024ರ ಜೂನ್ 5ರಂದು ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಸ್ಟಾರ್‌ಲೈನರ್ ಏರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಎಂಟು ದಿನದ ಕೆಲಸ ಎಂದು ಹೇಳಿದ್ದರು. ಹೊರಡುವ ಮುಂಚೆ ಒಂದು ತುರ್ತು ಬಂತು: ಮೇಲೆ ಮೂತ್ರವನ್ನು ನೀರಾಗಿಸುವ ಯಂತ್ರದ ಪಂಪು ಕೆಟ್ಟಿದೆ. ಹೊಸ ಪಂಪಿಗೆ ಜಾಗ ಬೇಕಾಗಿತ್ತು. ಹಾಗಾಗಿ ಇವರ ಬಟ್ಟೆಬರೆಯ ಸೂಟ್‌ಕೇಸು ಇಳಿಸಿ ಪಂಪು ಏರಿಸಿದರು. ಆಮೇಲೆ ನೌಕೆ ಕೈಕೊಟ್ಟಿತು. ಬಟ್ಟೆ ಬಂದದ್ದು ಆಗಸ್ಟಿನ ಸರಕು ನೌಕೆಯಲ್ಲಿ. ಅವರಿಬ್ಬರು ಭೂಮಿಗೆ ಬಂದದ್ದು 2025ರ ಮಾರ್ಚ್ 18ಕ್ಕೆ. ಎಂಟು ದಿನ 286 ದಿನವಾಯಿತು.

ಆ ಒಂಬತ್ತು ತಿಂಗಳು ನಮ್ಮ ಟಿ.ವಿ.ಗಳು ಸುನಿತಾ ಅವರನ್ನು ದೇವತೆ ಮಾಡಿದವು. ಗುಜರಾತಿನ ಅವರ ತಂದೆಯ ಊರಿನಲ್ಲಿ ಪ್ರಾರ್ಥನೆ ನಡೆಯಿತು. ಅಂತರಿಕ್ಷದಲ್ಲಿ ಮೂಳೆ ಸವೆಯುತ್ತದೆಯೇ, ಕಣ್ಣು ಮಂದವಾಗುತ್ತದೆಯೇ ಎಂದು ಚರ್ಚೆಗಳಾದವು. ಯಜಮಾನರು ಮಾತ್ರ ದಿನಾ ಬೆಳಗ್ಗೆ ಮೆಟ್ಟಿಲಲ್ಲಿ ನಿಂತು ಕೇಳುತ್ತಿದ್ದದ್ದು ಒಂದೇ: ‘ಆ ಅಮ್ಮನಿಗೆ ಓ.ಟಿ. ಕೊಡ್ತಾರಾ ಸಾರ್?’

ಕೊಡಲಿಲ್ಲ. ಅದನ್ನು ನಾಸಾ ಅಧಿಕೃತವಾಗಿಯೇ ಹೇಳಿದೆ. ಗಗನಯಾತ್ರಿಗಳು ಕೇಂದ್ರ ಸರ್ಕಾರದ ನೌಕರರು. ವಾರಕ್ಕೆ ನಲವತ್ತು ಗಂಟೆಯ ಮಾಮೂಲು ಸಂಬಳ. ಓವರ್‌ಟೈಮ್ ಇಲ್ಲ, ಹಬ್ಬದ ದಿನದ ಕೂಲಿ ಇಲ್ಲ, ಭಾನುವಾರದ್ದೂ ಇಲ್ಲ. ಪ್ರವಾಸ, ಊಟ, ವಸತಿ ಸರ್ಕಾರದ್ದು. ಚಿಲ್ಲರೆ ಖರ್ಚಿಗೆ ದಿನಕ್ಕೆ 5 ಡಾಲರ್. 286 ದಿನಕ್ಕೆ ತಲಾ 1,430 ಡಾಲರ್ ಆಯಿತು. ಅಂತರಿಕ್ಷದಲ್ಲಿ ಚಿಲ್ಲರೆ ಖರ್ಚು ಎಂದರೇನು, ಅಲ್ಲಿ ಬೀಡಾ ಅಂಗಡಿ ಎಲ್ಲಿದೆ ಎಂದು ಆಡಿಟಿನವರು ಆಕ್ಷೇಪಣೆ ಎತ್ತದಿದ್ದರೆ ಪುಣ್ಯ. ಈ ಮಾತು ಅಧ್ಯಕ್ಷ ಟ್ರಂಪ್ ಅವರ ಕಿವಿಗೆ ಬಿದ್ದಾಗ, ಬೇಕಾದರೆ ನನ್ನ ಜೇಬಿನಿಂದಲೇ ಕೊಡುತ್ತೇನೆ ಎಂದರು. ಕೈಯಿಂದ ಕೊಡುತ್ತೇನೆ ಎನ್ನುವ ಮೇಲಧಿಕಾರಿಯ ಮಾತಿನ ತೂಕ ಎಷ್ಟೆಂದು ಸಂಬಳದವರಿಗೆ ಬೇರೆ ಹೇಳಬೇಕಿಲ್ಲ.

ಇದು ಎಂಟು ದಿನಕ್ಕೆಂದು ಹೋದವರ ಕಥೆಯಾದರೆ, ಸೆರ್ಗೈ ಕ್ರಿಕಲೆವ್ ಅವರದು ರಿಲೀವರ್ ಬಾರದ ಕಥೆ. 1991ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದಿಂದ ಮಿರ್ ನಿಲ್ದಾಣಕ್ಕೆ ಹೋದರು. ಬದಲಿ ಎಂಜಿನಿಯರು ಬರಲಿಲ್ಲ. ಮೇಲಿದ್ದಾಗಲೇ ಕಳಿಸಿದ ದೇಶ ಇಲ್ಲವಾಯಿತು, ಹುಟ್ಟಿದ ಊರು ಲೆನಿನ್‌ಗ್ರಾಡಿನ ಹೆಸರೂ ಬದಲಾಯಿತು. 311 ದಿನ ಕಳೆದು 1992ರ ಮಾರ್ಚಿನಲ್ಲಿ ಇಳಿದರು. ಹೇಳಿದಾಗ ಯಜಮಾನರು ನಿಟ್ಟುಸಿರಿಟ್ಟರು. ‘ನಂಗೂ ಒಂದ್ಸಲ ಎರಡು ಶಿಫ್ಟ್ ಆದ್ರೂ ರಿಲೀವರ್ ಬರ್ಲಿಲ್ಲ ಸಾರ್. ಆದ್ರೆ ಇಳ್ದಾಗ ಡಿಪೋ ಅಲ್ಲೇ ಇತ್ತು.’

1973ರಲ್ಲಿ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣಕ್ಕೆ ಹೋದ ಮೂವರ ಕಥೆಯೂ ಸ್ವಾರಸ್ಯವಾದದ್ದು. 84 ದಿನದ ವಾಸ. ಕೆಳಗಿನವರು ನಿಮಿಷ ನಿಮಿಷಕ್ಕೂ ಕೆಲಸ ತುರುಕಿದ್ದರು. ಒಂದೂವರೆ ತಿಂಗಳಾದಮೇಲೆ, ಡಿಸೆಂಬರ್ 30ರಂದು, ಮೇಲಿನವರು ಕೆಳಗಿನವರ ಜೊತೆ ಮನಬಿಚ್ಚಿ ಮಾತಾಡಿ ಬಿಡುವು ಕೇಳಿದರು. ಸಿಕ್ಕಿತು, ಕೆಲಸವೂ ಚೆನ್ನಾಗಿ ಆಯಿತು. ಅಷ್ಟಕ್ಕೇ ಅದು ‘ಅಂತರಿಕ್ಷದ ಮುಷ್ಕರ’ ಎಂಬ ದಂತಕಥೆಯಾಗಿ ಇವತ್ತಿಗೂ ತಿರುಗುತ್ತಿದೆ. ಮುಷ್ಕರವೇ ಆಗಲಿಲ್ಲ ಎಂದು ಅಲ್ಲಿದ್ದವರೇ ಹೇಳಿದರೂ ಕೇಳುವವರಿಲ್ಲ. ಸಂಬಳದವನು ಸ್ವಲ್ಪ ಉಸಿರಾಡುತ್ತೇನೆ ಎಂದರೆ ಲೋಕಕ್ಕೆ ಅದು ದಂಗೆಯ ಹಾಗೆ ಕೇಳಿಸುತ್ತದೆ. ಆ ಮೂವರಲ್ಲಿ ಯಾರೂ ಮತ್ತೆ ಅಂತರಿಕ್ಷಕ್ಕೆ ಹೋಗಲಿಲ್ಲ.

ಈಗ ಕಸದ ವಿಷಯ. ಜಪಾನಿನ ಮಕೊಟೊ ಯುಕಿಮುರಾ 1999ರಲ್ಲಿ ‘ಪ್ಲಾನೆಟೆಸ್’ ಎಂಬ ಚಿತ್ರಕಥಾಮಾಲೆ ಶುರು ಮಾಡಿದರು. 2003ರಲ್ಲಿ ಅದು ಟಿ.ವಿ. ಧಾರಾವಾಹಿಯೂ ಆಯಿತು. 2070ರ ದಶಕದ ಕಥೆ. ನಾಯಕರು ಅಂತರಿಕ್ಷದ ಪೌರಕಾರ್ಮಿಕರು. ಭೂಮಿಯ ಸುತ್ತ ಗುಂಡಿಗಿಂತ ಹೆಚ್ಚು ವೇಗದಲ್ಲಿ ಸುತ್ತುವ ಹಳೆ ಉಪಗ್ರಹದ ಚೂರುಗಳನ್ನು ಹೆಕ್ಕುವುದು ಅವರ ಕೆಲಸ. ಒಂದು ಸ್ಕ್ರೂ ಪ್ರಯಾಣಿಕರ ನೌಕೆಯ ಕಿಟಕಿಗೆ ಬಡಿದರೆ ಹೆಣಗಳು ಬೀಳುತ್ತವೆ. ಇಷ್ಟು ದೊಡ್ಡ ಕೆಲಸ ಮಾಡುವವರ ವಿಭಾಗಕ್ಕೆ ಟಿ.ವಿ. ಕಥೆಯ ಕಂಪನಿಯಲ್ಲಿ ‘ಅರ್ಧ ಸೆಕ್ಷನ್’ ಎಂದು ಅಡ್ಡಹೆಸರು, ಏಕೆಂದರೆ ಬೇಕಾದ ಸಿಬ್ಬಂದಿಯಲ್ಲಿ ಅರ್ಧ ಮಾತ್ರ ಇದ್ದಾರೆ. ಹೊಸದಾಗಿ ಸೇರಿದ ಹುಡುಗಿ ಮೊದಲು ಕಲಿಯುವ ಪಾಠ ಡೈಪರ್ ತೊಡುವುದು. ಒಂದು ಕಂತು ಪೂರ್ತಿ ವಿಮಾ ಪಾಲಿಸಿ ಮಾಡಿಸುವುದು, ಉಯಿಲು ಬರೆದಿಡುವುದು.

ಕಥೆ ಜಪಾನಿನದು, ಆದರೆ ಕಸ ನಮ್ಮ ಪೀಣ್ಯಕ್ಕೂ ಬಂದಿದೆ. ಆಕಾಶದ ಚೂರುಪಾರು ನಮ್ಮ ಉಪಗ್ರಹಗಳಿಗೆ ಬಡಿಯದಂತೆ ಕಾಯಲು ಇಸ್ರೋ 2022ರಲ್ಲಿ ಬೆಂಗಳೂರಿನಲ್ಲಿ ಒಂದು ಕೇಂದ್ರವನ್ನೇ ತೆರೆಯಿತು. ಒಳ್ಳೆಯ ಕೆಲಸ. ಆಕಾಶದ ಕಸವನ್ನು ಬೆಂಗಳೂರಿನಲ್ಲಿ ಕೂತು ಎಣಿಸುತ್ತಾರೆ. ಬೆಂಗಳೂರಿನ ಕಸವನ್ನು ಎಣಿಸಲು ಆಕಾಶದಿಂದ ಯಾರಾದರೂ ಇಳಿದು ಬರಬೇಕು. ಬಂದರೆ ಅವರಿಗೂ ಕೈಗವಸು ಸಿಗುವ ಭರವಸೆ ನನಗಿಲ್ಲ.

2009ರಲ್ಲಿ ಡಂಕನ್ ಜೋನ್ಸ್ ಮಾಡಿದ ‘ಮೂನ್’ ಚಿತ್ರದಲ್ಲಿ ಒಬ್ಬನೇ ಕೆಲಸಗಾರ. ಹೆಸರು ಸ್ಯಾಮ್. ಚಂದ್ರನ ಆಚೆ ಬದಿಯಲ್ಲಿ ಹೀಲಿಯಂ-3 ಅಗೆದು ಕಳಿಸುವ ಗಣಿಗೆ ಮೂರು ವರ್ಷದ ಗುತ್ತಿಗೆ. ಹೆಂಡತಿ ಮಗುವಿನ ಮುಖ ನೋಡಲು ಇನ್ನೆರಡೇ ವಾರ ಎಂದುಕೊಂಡು ದಿನ ಎಣಿಸುತ್ತಿರುವಾಗ ತಿಳಿಯುತ್ತದೆ: ತಾನೊಬ್ಬ ನಕಲು. ಮೂರು ವರ್ಷಕ್ಕೊಮ್ಮೆ ಒಬ್ಬ ಸ್ಯಾಮನನ್ನು ಸುಟ್ಟು, ನೆಲಮಾಳಿಗೆಯಲ್ಲಿ ಸಾಲಾಗಿ ಮಲಗಿಸಿದ ನಕಲುಗಳಲ್ಲಿ ಇನ್ನೊಂದನ್ನು ಎಬ್ಬಿಸುತ್ತಾರೆ. ಹೊಸಬನಿಗೂ ಹಳಬನ ಮುಖ, ಹಳಬನ ನೆನಪು, ಹಳಬನ ಆಸೆ. ತರಬೇತಿಯ ಖರ್ಚಿಲ್ಲ, ಗ್ರಾಚುಟಿಯ ಗೋಜಿಲ್ಲ. ನಮ್ಮಲ್ಲಿ ಆ ತಂತ್ರಜ್ಞಾನ ಇನ್ನೂ ಬಂದಿಲ್ಲ. ಅದು ಬರುವವರೆಗೆ ನಾವು ಅದೇ ಮನುಷ್ಯನಿಗೆ ಒಂದು ದಿನ ‘ಬ್ರೇಕ್’ ಕೊಟ್ಟು ಮರುದಿನ ಹೊಸಬನನ್ನಾಗಿ ಮಾಡಿಕೊಳ್ಳುತ್ತೇವೆ.

ಅಲ್ಲಿಯವರ ಮಾತಾಯಿತು. ಇನ್ನು ನಮ್ಮ ಮನೆ.

2013ರ ನವೆಂಬರ್ 5ರಂದು ಹೊರಟ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. ಖರ್ಚು 450 ಕೋಟಿ, ದೂರ 65 ಕೋಟಿ ಕಿಲೋಮೀಟರ್. ಅಹಮದಾಬಾದಿನಲ್ಲಿ ಆಟೋಗೆ ಕಿಲೋಮೀಟರಿಗೆ ಹತ್ತು ರೂಪಾಯಿ, ನಾವು ಮಂಗಳನಿಗೆ ಹೋದದ್ದು ಏಳೇ ರೂಪಾಯಿಗೆ ಎಂದು ಪ್ರಧಾನಿ ನರೇಂದ್ರ ಮೋದಿ ನ್ಯೂಯಾರ್ಕಿನಲ್ಲಿ ಹೇಳಿದಾಗ ಸಭಾಂಗಣವೇ ಎದ್ದು ಚಪ್ಪಾಳೆ ತಟ್ಟಿತು. ನಾವೂ ಇಲ್ಲಿ ತಟ್ಟಿದೆವು. ಅಗ್ಗವಾದದ್ದಕ್ಕೆ ಚಪ್ಪಾಳೆ ತಟ್ಟುವುದು ನಮ್ಮ ಹುಟ್ಟುಗುಣ. ಕೊಟ್ಟದ್ದು ಕಡಿಮೆಯಾದರೆ ತೆಗೆದುಕೊಂಡವನಿಗೂ ಕಡಿಮೆ ಸಿಕ್ಕಿರಬೇಕಲ್ಲ ಎಂಬ ಸಣ್ಣ ಲೆಕ್ಕ ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಒಂಬತ್ತು ವರ್ಷ ಕಳೆದು ಚಂದ್ರಯಾನ-3 ಇಳಿದಾಗ ಇಸ್ರೋದ ಮಾಜಿ ಅಧ್ಯಕ್ಷ ಜಿ. ಮಾಧವನ್ ನಾಯರ್ ಗುಟ್ಟನ್ನು ಬಿಚ್ಚಿ ಹೇಳಿದರು: ನಮ್ಮ ವಿಜ್ಞಾನಿ, ತಂತ್ರಜ್ಞ, ಸಿಬ್ಬಂದಿಯ ಸಂಬಳ ಹೊರಲೋಕದವರ ಐದನೇ ಒಂದು ಪಾಲಿಗೂ ಮುಟ್ಟುವುದು ಕಷ್ಟ, ಅಗ್ಗದಲ್ಲಿ ಹಾರಲು ಅದೂ ಒಂದು ಕಾರಣ. ಅವರು ಅದನ್ನು ಹೆಮ್ಮೆಯಿಂದಲೇ ಹೇಳಿದರು. ನಾವೂ ಹೆಮ್ಮೆಯಿಂದಲೇ ಕೇಳಿಸಿಕೊಂಡೆವು.

ಮಂಗಳನನ್ನು ಮುಟ್ಟಿದ ದಿನ ಬೆಂಗಳೂರಿನಲ್ಲಿ ತೆಗೆದ ಒಂದು ಫೋಟೊ ನಿಮಗೂ ನೆನಪಿರಬಹುದು. ರೇಷ್ಮೆ ಸೀರೆಯುಟ್ಟು, ಹೂ ಮುಡಿದ ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿ ನಗುತ್ತಿರುವ ಚಿತ್ರ. ಭಾರತದ ಮಹಿಳಾ ವಿಜ್ಞಾನಿಗಳು ಎಂಬ ಅಡಿಬರಹ ಹೊತ್ತು ಅದು ಲೋಕ ಸುತ್ತಿತು. ಆಮೇಲೆ ಇಸ್ರೋ ತಿದ್ದುಪಡಿ ಕೊಟ್ಟಿತು: ಅವರು ವಿಜ್ಞಾನಿಗಳಲ್ಲ, ಆಡಳಿತ ವಿಭಾಗದ ಸಿಬ್ಬಂದಿ. ಅಷ್ಟಾದದ್ದೇ ತಡ, ಜನ ಆ ಫೋಟೊವನ್ನು ಪಕ್ಕಕ್ಕಿಟ್ಟು ನಿಜವಾದ ವಿಜ್ಞಾನಿಗಳನ್ನು ಹುಡುಕಲು ಹೊರಟರು. ವಿಜ್ಞಾನಿಗಳು ಸಿಗಲೇಬೇಕು, ಸಂದರ್ಶನವಾಗಲೇಬೇಕು, ಅದು ಸರಿ. ಆದರೆ ಮೋಸಹೋದಂತೆ ಮುಖ ಮಾಡಿಕೊಂಡದ್ದು ಏಕೆ? ರಜೆ ಮಂಜೂರು ಮಾಡಿದವರು, ಟೆಂಡರು ಕಡತ ನಡೆಸಿದವರು, ತಿಂಗಳ ಕೊನೆಗೆ ಸಂಬಳ ಹಾಕಿದವರು ಮಂಗಳನನ್ನು ಮುಟ್ಟಲಿಲ್ಲವೇ? 2019ರಲ್ಲಿ ಬಂದ ಹಿಂದಿಯ ‘ಮಿಷನ್ ಮಂಗಲ್’ ಚಿತ್ರದಲ್ಲಿ ನಾಯಕಿಗೆ ಇಂಧನ ಉಳಿಸುವ ಉಪಾಯ ಪೂರಿ ಕರಿಯುವಾಗ ಹೊಳೆಯುತ್ತದೆ. ಪೂರಿಗೆ ಪರದೆಯ ಮೇಲೆ ಜಾಗ ಸಿಕ್ಕಿತು, ಅಕೌಂಟ್ಸ್ ಸೆಕ್ಷನ್ನಿಗೆ ಸಿಗಲಿಲ್ಲ.

ಸಂಬಳ ಹಾಕುವವರ ಮಾತು ಬಂದದ್ದರಿಂದ ರಾಂಚಿಯ ಕಡೆಗೂ ಕಣ್ಣು ಹಾಯಿಸಬೇಕು. ಶ್ರೀಹರಿಕೋಟಾದ ಎರಡನೇ ಉಡಾವಣಾ ವೇದಿಕೆಗೆ ರಾಕೆಟ್ಟನ್ನು ಹೊತ್ತು ಸಾಗುವ ಭಾರಿ ಪೀಠ ಮಾಡಿಕೊಟ್ಟದ್ದು ಅಲ್ಲಿನ ಸರ್ಕಾರಿ ಉದ್ಯಮ ಹೆವಿ ಎಂಜಿನಿಯರಿಂಗ್ ಕಾರ್ಪೊರೇಷನ್. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಅಲ್ಲಿನ ನೌಕರರಿಗೆ ಒಂದೂವರೆ ವರ್ಷದಷ್ಟು ಸಂಬಳ ಬಾಕಿ. ಒಬ್ಬರು ಇಡ್ಲಿ ಮಾರಿ ಸಂಸಾರ ನಡೆಸುತ್ತಿದ್ದಾರೆ ಎಂಬ ವರದಿ ಬಂತು. ಸರ್ಕಾರ ತಕ್ಷಣ ಎಚ್ಚೆತ್ತು ಸ್ಪಷ್ಟನೆ ಕೊಟ್ಟಿತು. ಸಂಬಳದ ಬಗ್ಗೆ ಅಲ್ಲ. ಈ ಕಂಪನಿಗೆ ಚಂದ್ರಯಾನ-3ರ ಯಾವ ಬಿಡಿಭಾಗದ ಕೆಲಸವನ್ನೂ ಕೊಟ್ಟಿರಲಿಲ್ಲ, ಅದು ಇಸ್ರೋಗೆ ಮಾಡಿಕೊಟ್ಟದ್ದು ಹಿಂದಿನ ಮೂಲಸೌಕರ್ಯ ಮಾತ್ರ ಎಂದು. ಸ್ಪಷ್ಟನೆ ಕಾನೂನಿನ ಪ್ರಕಾರ ಸರಿಯೇ ಇದೆ. ಹಸಿದವನು ಅನ್ನ ಎಂದಾಗ ‘ನೀನು ಈ ಮದುವೆಗೆ ಪಾತ್ರೆ ಕೊಟ್ಟಿಲ್ಲ, ಹಿಂದಿನ ಮದುವೆಗೆ ಕೊಟ್ಟದ್ದು’ ಎಂದು ತಿದ್ದಿದಷ್ಟು ಸರಿ.

ಇಷ್ಟೊಂದು ಸಾಮಗ್ರಿ ನಮ್ಮ ಅಂಗಳದಲ್ಲೇ ಬಿದ್ದಿರುವಾಗ ನಮ್ಮ ಆಕಾಶದ ಕಥೆಗಳು ಹೇಗಿವೆ? ಅಲಿಖಿತ ನಿಯಮಾವಳಿ ಇಲ್ಲಿದೆ. ಒಂದು, ನಾಯಕ ವಿಜ್ಞಾನಿಯೇ ಆಗಿರತಕ್ಕದ್ದು. ಅವನಿಗೆ ಕನಿಷ್ಠ ಎರಡು ವಿದೇಶಿ ಪದವಿ, ಹಳ್ಳಿಯಲ್ಲಿ ಒಬ್ಬ ತಾಯಿ. ಎರಡು, ಅವನು ಸಂಬಳದ ವಿಷಯ ಎತ್ತತಕ್ಕದ್ದಲ್ಲ. ಮೂರು, ನೌಕೆ ಕೆಟ್ಟರೆ ಅವನೇ ಸಮೀಕರಣ ಬರೆದು ಸರಿಮಾಡತಕ್ಕದ್ದು, ಸ್ಪ್ಯಾನರ್ ಮುಟ್ಟಬಾರದು. ನಾಲ್ಕು, ನಗಿಸಲು ಒಬ್ಬ ಅಡುಗೆಯವನಿರಬಹುದು, ಆದರೆ ಅವನಿಗೆ ಕಥೆ ಇರಬಾರದು. ಐದು, ಕೊನೆಯ ಪುಟದಲ್ಲಿ ಬಾವುಟ.

ಅಡುಗೆಯವನಿಗೆ ಕಥೆ ಇಲ್ಲ ಎಂದರೆ ನಂಬುವುದು ಹೇಗೆ? 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಸೋಯುಜ್ ಟಿ-11 ಏರಿದಾಗ ಭಾರತದ ತಿನಿಸು ಸಿದ್ಧಮಾಡಿಕೊಟ್ಟದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐ.ಐ.ಟಿ.ಯವರ ಹೆಸರುಕಾಳು, ಮೆಂತ್ಯ ಜೊತೆಗೆ ಹೋಗಿ ಅಲ್ಲಿ ಮೊಳಕೆ ಒಡೆದವು. ಪತ್ರಿಕೆಯ ಸುದ್ದಿ ಓದಿ ಯಜಮಾನರು ಕೇಳಿದರು, ‘ಮೇಲೆ ನೀರು ಹಾಕ್ದವ್ರು ಒಬ್ರು ಸರಿ. ಕೆಳಗೆ ಕೂತು ಕಲ್ಲು ಆರ್ಸಿ ಕಟ್ಟಿ ಕೊಟ್ಟವ್ರು ಎಷ್ಟು ಜನ? ಅವರ್ದೂ ಫೋಟೊ ಹಾಕಿದಾರಾ?’ ನಾನು ಪುಟ ತಿರುವಿ ನೋಡಿದೆ. ಮುಂದಿನ ಪುಟದಲ್ಲಿ ರಾಶಿ ಭವಿಷ್ಯವಿತ್ತು.

ಕನ್ನಡಕ್ಕೆ ಇದು ಬಾರದ ವಿದ್ಯೆಯೇನಲ್ಲ. 1980ರಲ್ಲಿ ಪೂರ್ಣಚಂದ್ರ ತೇಜಸ್ವಿ ‘ಕರ್ವಾಲೊ’ ಬರೆದರು. ಲಕ್ಷಾಂತರ ವರ್ಷ ಹಿಂದಿನ ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿಯ ಕಥೆ. ಆದರೆ ವಿಜ್ಞಾನಿ ಒಬ್ಬನೇ ಹೊರಡಲಿಲ್ಲ. ಜೇನು ಹಿಡಿಯುವ ಮಂದಣ್ಣ ಜೊತೆಗಿದ್ದ, ಬಿರಿಯಾನಿ ಕರಿಯಪ್ಪ ಇದ್ದ, ಪ್ಯಾರ ಇದ್ದ, ಕಿವಿ ಎಂಬ ನಾಯಿಯೂ ಇತ್ತು. ಓತಿಯನ್ನು ಕಂಡದ್ದು ಮಂದಣ್ಣನ ಕಣ್ಣು. ಅದರ ಅರ್ಥ ಹೇಳಿದ್ದು ಕರ್ವಾಲೊ. ಓತಿ ತೇಲಿಹೋಯಿತು, ಇವರೆಲ್ಲ ನಮ್ಮೊಳಗೆ ಉಳಿದರು. ಮೂಡಿಗೆರೆಯ ಕಾಡಿನಲ್ಲಿ ಸಾಧ್ಯವಾದದ್ದು ಕಕ್ಷೆಯಲ್ಲಿ ಏಕೆ ಸಾಧ್ಯವಾಗಬಾರದು? ಮಂದಣ್ಣನನ್ನು ನೆಲದಲ್ಲೇ ಬಿಟ್ಟು ವಿಜ್ಞಾನಿಯನ್ನು ಮಾತ್ರ ರಾಕೆಟ್ಟು ಹತ್ತಿಸಿದ್ದರಿಂದಲೇ ನಮ್ಮ ವಿಜ್ಞಾನ ಕಥೆಗಳಿಗೆ ತೂಕವಿಲ್ಲದ ಸ್ಥಿತಿ ಬಂದಿದೆ.

ಆದ್ದರಿಂದ ಆಕಾಶದ ಕಥೆ ಬರೆಯಲು ಕೂತ ಕನ್ನಡದ ಬರಹಗಾರರಲ್ಲಿ ನನ್ನದೂ ಯಜಮಾನರದೂ ಜಂಟಿ ಮನವಿ. ನಕ್ಷತ್ರಗಳನ್ನು ಆಮೇಲೆ ವರ್ಣಿಸಿ. ಪೀಣ್ಯದ ಲೇತಿನ ಮುಂದೆ ನಿಂತು ರಾಕೆಟ್ಟಿನ ಬೋಲ್ಟು ತಿರುಗಿಸುವವನನ್ನು ಒಮ್ಮೆ ಮಾತಾಡಿಸಿ. ಹಾಸನದ ನಿಯಂತ್ರಣ ಕೇಂದ್ರದಲ್ಲಿ ಹಬ್ಬದ ರಾತ್ರಿಯೂ ಉಪಗ್ರಹ ಕಾಯುವವರು ಮನೆಗೆ ಫೋನು ಮಾಡಿ ಏನು ಹೇಳುತ್ತಾರೆಂದು ಕೇಳಿಸಿಕೊಳ್ಳಿ. ನಾಳೆ ನಮ್ಮದೇ ನಿಲ್ದಾಣ ಮೇಲೆ ತೇಲಿದಾಗ ಅದರ ಪಾಯಿಖಾನೆಯ ಪಂಪು ಕೆಡುತ್ತದೆ. ಅದನ್ನು ಬಿಚ್ಚುವವಳ ಹೆಸರು ಈಗಲೇ ಬರೆದಿಡಿ. ಕಥೆಯ ಮೊದಲ ಪುಟದಲ್ಲೇ ಅವಳ ಸಂಬಳ ಎಷ್ಟು, ಬಾಕಿ ಎಷ್ಟು ಎಂದು ನಮೂದಿಸಿ. ಅದೊಂದು ಸರಿಯಾಗಿ ಬರೆದರೆ ಮಿಕ್ಕ ವಿಜ್ಞಾನ ತಾನಾಗಿ ಬರುತ್ತದೆ.